ಇದನ್ನ ಓದೋರು ಯಾರು?

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಹದಿನೆಂಟು ಪ್ರಶ್ನೆಗಳಿದ್ದವು. ಹತ್ತೊಂಬತ್ತನೆಯದನ್ನು ಫರ್ಹತ್ ಕೇಳಿದಳು.

ಮೂಡಿಗೆರೆಯ ಕಾಲೇಜಿನ ಮಹಡಿಯ ಮೇಲಿನ ಕೋಣೆ, ಮಾರ್ಚ್ ಮೊದಲ ವಾರ. ಎಂಟು ವಿದ್ಯಾರ್ಥಿಗಳು ಕುರ್ಚಿಗಳನ್ನು ಅರ್ಧ ವೃತ್ತಕ್ಕೆ ಎಳೆದುಕೊಂಡು ಕುಳಿತಿದ್ದರು. ನಾನಿದ್ದ ಸಂಸ್ಥೆ 'ಹಗುರ' ಎಂಬ ಮೊಬೈಲ್ ಆ್ಯಪ್ ತಯಾರಿಸುತ್ತಿತ್ತು. ಮನಸ್ಸಿಗೆ ಬೇಸರವೋ ಭಯವೋ ಆದ ಹರೆಯದವರು ಅದರಲ್ಲಿ ಬರೆದುಕೊಳ್ಳಬಹುದು. ಅದು ಪ್ರಶ್ನೆ ಕೇಳುತ್ತದೆ, ಉಸಿರಾಟದ ವ್ಯಾಯಾಮ ಹೇಳಿಕೊಡುತ್ತದೆ, ತೀರಾ ಕಷ್ಟವಾದರೆ ಆಪ್ತಸಮಾಲೋಚಕರ ನಂಬರು ತೋರಿಸುತ್ತದೆ. ಮೂಡಿಗೆರೆ, ಬಣಕಲ್, ಕಳಸದ ಅರವತ್ತು ಮಂದಿಯ ಫೋನಿನಲ್ಲಿ ಮೂರು ತಿಂಗಳು ಅದನ್ನು ಪರೀಕ್ಷೆಗೆ ಬಿಟ್ಟು, ಅವರಿಗೆ ನಿಜವಾಗಿ ಏನು ಬೇಕೆಂದು ಕೇಳಿ ಬರೆಯುವುದು ನನ್ನ ಕೆಲಸ.

ನಾನು ಓದಿದ್ದು ಪರಿಸರ ವಿಜ್ಞಾನ. ಎಂ.ಎಸ್ಸಿ.ಯ ಎರಡು ವರ್ಷ ಹಳ್ಳಗಳ ನೀರು ಹಿಡಿದು ಬಾಟಲಿಗೆ ಚೀಟಿ ಅಂಟಿಸಿದವಳು. ಮನಸ್ಸಿನ ವಿಷಯ ನನಗೇನೂ ಗೊತ್ತಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಹೇಳಿದ್ದೆ. "ಗೊತ್ತಿಲ್ಲದಿದ್ರೇ ಒಳ್ಳೇದು ದೀಪಶ್ರೀ. ಕೇಳಿದ್ದನ್ನ ಕೇಳಿದ ಹಾಗೇ ಬರೀತೀಯ," ಎಂದಿದ್ದರು ಯೋಜನೆಯ ಮುಖ್ಯಸ್ಥರಾದ ರುದ್ರೇಶ್ ಸರ್.

ಆ ಎಂಟು ಮಂದಿಯಲ್ಲಿ ಏಳು ಜನ ಒಂದು ವಾರದ ಹಿಂದೆಯೇ ಆ್ಯಪ್ ಹಾಕಿಕೊಂಡಿದ್ದರು.

"ಮೊದ್ಲು ಇದರ ಭಾಷೆ ಬದಲಾಯಿಸಿ ಅಕ್ಕ," ಎಂದ ಬಾಲರಾಜ್, ಬಿ.ಎಸ್ಸಿ. ಎರಡನೇ ವರ್ಷದವನು. ಫೋನು ಹಿಡಿದು ಗಂಟಲು ಸರಿಮಾಡಿಕೊಂಡು ಓದಿದ: "'ನಿಮ್ಮ ಭಾವನೆಗಳನ್ನು ನಮ್ಮೊಂದಿಗೆ ಹಂಚಿಕೊಳ್ಳಿ.' ರೇಡಿಯೋ ವಾರ್ತೆ ಓದ್ದಂಗಿದೆ. ನಮ್ಮತ್ರ ಯಾರಾದ್ರೂ ಎದುರಿಗೆ ಬಂದು ಹಿಂಗೆ ಮಾತಾಡಿದ್ರೆ ಓಡಿಹೋಗ್ತೀವಿ."

"ಮತ್ತೆ ಹೇಗೆ ಕೇಳ್ಬೇಕು?"

"'ಏನಾಯ್ತು ಮಾರಾಯ' ಅಂದ್ರೆ ಸಾಕು."

"ನಂಗೂ ಮಾರಾಯ ಅನ್ನುತ್ತಾ ಅದು?" ಎಂದಳು ಅವನ ಪಕ್ಕದ ಸೌಂದರ್ಯ.

"ನಿಂಗೆ ಬೇರೆ ಬಟನ್ ಇಡ್ಸೋಣ ಬಿಡು, ಮಾರಾಯ್ತಿ ಅಂತ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಸೌಂದರ್ಯ ಹೇಳಿದಳು: "ಆ ಶಬ್ದ ತೆಗೀರಿ ಅಕ್ಕ. ದಿನಾ ಸಂಜೆ 'ಇಂದು ನಿಮ್ಮ ಮನಸ್ಸು ಹೇಗಿದೆ' ಅಂತ ಟಿಂಗ್ ಅನ್ನುತ್ತಲ್ಲ, ಅದು. ನಮ್ಮನೆ ಹತ್ರ ನೆಟ್‌ವರ್ಕ್ ಇಲ್ಲ. ಸೋಮವಾರ ಜೀಪಲ್ಲಿ ಬರುವಾಗ ಮೇಲಿನ ತಿರುವಿನಲ್ಲಿ ನೆಟ್‌ವರ್ಕ್ ಸಿಕ್ತು ನೋಡಿ, ಮೂರು ದಿನದ್ದು ಒಟ್ಟಿಗೆ ಟಿಂಗ್ ಟಿಂಗ್ ಟಿಂಗ್. ಜೀಪಲ್ಲಿ ಹದಿನಾಲ್ಕು ಜನ, ಪಕ್ಕದೋರು ಅದನ್ನ ಜೋರಾಗಿ ಓದೇ ಬಿಟ್ರು. 'ಯಾರದ್ರಪ್ಪಾ ಮನಸ್ಸು ಕೆಟ್ಟಿರೋದು' ಅಂತ ಡ್ರೈವರ್ ಕೇಳ್ದ."

"ಏನಂದೆ?"

"ಫೋನ್ ಕೆಟ್ಟಿದೆ ಅಂದೆ."

ನಾನು ಬರೆದುಕೊಳ್ಳುತ್ತಾ ಹೋದೆ. ಶಬ್ದ ಬೇಡ. ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು. ನೋಡಲು ಕ್ಯಾಲ್ಕುಲೇಟರ್ ಥರ ಇರಬೇಕು, ತಮ್ಮನೋ ತಂಗಿಯೋ ಫೋನು ಕಸಿದುಕೊಂಡರೂ ಗೊತ್ತಾಗಬಾರದು. 'ನೀವು ಧೈರ್ಯವಂತರು' ಎಂದು ಹೊಗಳಬಾರದು. ಆ ಕಡೆಯಿಂದ ಮನುಷ್ಯರೇ ಉತ್ತರ ಕೊಡಬೇಕೋ ಬೇಡವೋ ಎಂಬುದಕ್ಕೆ ಒಮ್ಮತವಾಗಲಿಲ್ಲ.

"ಮನುಷ್ಯರೇ ಬೇಕು. ಆದ್ರೆ ನಮ್ ಕಡೆಯೋರು ಆಗಿರ್ಬಾರ್ದು," ಎಂದ ಬಾಲರಾಜ್.

"ನಿಮ್ ಕಡೆಯೋರು ಅಲ್ದಿದ್ರೆ ನಿಮ್ ಕಷ್ಟ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಅದೇ ಅಕ್ಕ ಕಷ್ಟ."

ಫರ್ಹತ್ ಅಷ್ಟು ಹೊತ್ತು ಕೊನೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಳು. ಬಿ.ಕಾಂ. ಎರಡನೇ ವರ್ಷ, ಹತ್ತೊಂಬತ್ತು ವಯಸ್ಸು, ಬಣಕಲ್‌ನವಳು. ಅವಳ ತಂದೆ ಗುಲಾಮ್ ಮುಸ್ತಫಾ ಅವರ ಗ್ಯಾರೇಜು ಹೆದ್ದಾರಿಯ ಪಕ್ಕದಲ್ಲೇ ಇದೆ. ನಮ್ಮ ತೋಟ ಬಣಕಲ್‌ನಿಂದ ಮೂರು ಕಿಲೋಮೀಟರ್ ಒಳಗೆ. ನಮ್ಮಪ್ಪನ ಹಳೇ ಜೀಪು ವರ್ಷಕ್ಕೆ ನಾಲ್ಕು ಸಲ ಅಲ್ಲಿ ನಿಂತಿರುತ್ತದೆ. ಆದರೂ ಇವಳನ್ನು ನಾನು ಮಾತನಾಡಿಸಿದ್ದು ಅದೇ ಮೊದಲು. ಆ್ಯಪ್ ಹಾಕಿಕೊಳ್ಳದ ಒಬ್ಬಳೆಂದರೆ ಅವಳೇ.

"ಇದನ್ನ ಓದೋರು ಯಾರು ಅಕ್ಕ?" ಎಂದಳು.

"ಯಾರೂ ಓದಲ್ಲ. ಹೆಸರೇ ಇರಲ್ಲ, ಬರೀ ಒಂದು ನಂಬರ್ ಇರುತ್ತೆ. ಒಳಗಡೆ 'ಗುಟ್ಟಿನ ಪೆಟ್ಟಿಗೆ' ಅಂತ ಇದೆಯಲ್ಲ, ಅದಕ್ಕೆ ಬೇರೆ ಬೀಗ. ಬರೆದೋರು ಬಿಟ್ರೆ ಬೇರೆ ಯಾರೂ ಅದನ್ನ ತೆಗೆಯೋಕಾಗಲ್ಲ."

"ನೀವು ನೋಡಿದೀರಾ, ಇಲ್ಲಾ ಹೇಳಿದಾರಾ?"

ಉತ್ತರ ಸುಲಭವಿತ್ತು. ಹೇಳಿದ್ದಾರೆ, ಅಷ್ಟೇ. ಆದರೆ ಏಳು ಮಂದಿ ನನ್ನ ಮುಖ ನೋಡುತ್ತಿದ್ದರು. ಅವರೆಲ್ಲ ನನ್ನ ಮಾತಿನ ಮೇಲೆಯೇ ಹಾಕಿಕೊಂಡವರು.

"ನೋಡಿದೀನಿ," ಎಂದೆ.

ಫರ್ಹತ್ ಒಂದು ಕ್ಷಣ ನನ್ನನ್ನೇ ನೋಡಿ ಬ್ಯಾಗಿನಿಂದ ಫೋನು ತೆಗೆದಳು.

* * *

ಸುಳ್ಳು ಹೇಳಿದ್ದಕ್ಕಿಂತ ಅದನ್ನು ಅಷ್ಟು ಬೇಗ ಹೇಳಿದ್ದು ನನ್ನನ್ನು ಕಾಡಿತು. ಚಿಕ್ಕಮಗಳೂರಿನ ಕಚೇರಿಯಲ್ಲಿ ಮಾರನೆಯ ದಿನ ರುದ್ರೇಶ್ ಸರ್ ಅವರನ್ನು ಕೇಳಿದೆ. "ಎಲ್ಲಾ ಎನ್‌ಕ್ರಿಪ್ಟ್ ಆಗಿರುತ್ತೆ ಮಾರಾಯ್ತಿ," ಎಂದರು. ಅವರು ದಾವಣಗೆರೆ ಕಡೆಯವರು. ನಮ್ಮ ಕಡೆಯ ಈ ಒಂದು ಮಾತನ್ನು ಕಲಿತು ಎಲ್ಲರ ಮೇಲೂ ಬಳಸುತ್ತಿದ್ದರು.

"ನೀವು ನೋಡಿದೀರಾ ಸರ್?"

"ನೋಡೋಕೆ ಆಗದೇ ಇರೋದನ್ನೇ ಎನ್‌ಕ್ರಿಪ್ಟ್ ಅನ್ನೋದು," ಎಂದು ನಕ್ಕರು. ಮಾತು ಚೆನ್ನಾಗಿತ್ತು. ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಹತ್ತು ದಿನಗಳ ನಂತರ ಟೀ ಕುಡಿಯುವಾಗ, ಯಾವ ಪೀಠಿಕೆಯೂ ಇಲ್ಲದೆ ಅವರೇ ಕೇಳಿದರು: "ಬಣಕಲ್ ಕಡೆ ಹುಡುಗೀರು ಘಾಟಿ ಬಸ್ಸಲ್ಲಿ ತುಂಬಾ ಓಡಾಡ್ತಾರಾ?"

"ಯಾಕೆ ಸರ್?"

"ಸುಮ್ನೆ ಕೇಳ್ದೆ."

ಸುಮ್ಮನೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಆದರೆ ಅವರು ಅದನ್ನು ಎಲ್ಲಿಂದ ಬೇಕಾದರೂ ಕೇಳಿರಬಹುದು. ಕಾಲೇಜಿನ ಮೇಷ್ಟ್ರು ಹೇಳಿರಬಹುದು, ಪತ್ರಿಕೆಯಲ್ಲಿ ಓದಿರಬಹುದು. ಅನುಮಾನ ಬಂದ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ ಎಂದು ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದರು.

ಇನ್ನೊಂದನ್ನೂ ಕಲಿಸಿದ್ದರು. ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುವ ತಿಂಗಳುಗಳಲ್ಲಿ ನಮ್ಮ ಕಡೆ ಹಳ್ಳದ ನೀರು ಕಂದಾಗಿ ಹುಳಿ ವಾಸನೆ ಹೊಡೆಯುತ್ತದೆ. ಮೇಲೆ ಮೂರು ಎಸ್ಟೇಟುಗಳಿದ್ದರೆ ಮೂವರೂ "ನಮ್ಮ ನೀರಲ್ಲ" ಎನ್ನುತ್ತಾರೆ. ಆಗ ವಾದ ಮಾಡಬಾರದು. ಮೂರು ಕಡೆ ಮೂರು ಬೇರೆ ಬೇರೆ ಬಣ್ಣ ಬಿಟ್ಟು, ಕೆಳಗೆ ಬಾಟಲಿ ಹಿಡಿದು ಕಾಯಬೇಕು.

ಕಳಸದ ಒಬ್ಬ ಹುಡುಗ ಪರೀಕ್ಷೆಯಿಂದ ಹೊರಗೆ ಹೋಗಿದ್ದ. ಅವನ ನಲವತ್ತೇಳನೇ ನಂಬರು ಖಾಲಿ ಇತ್ತು. ನನ್ನ ಹಳೇ ಫೋನಿಗೆ ಆ್ಯಪ್ ಹಾಕಿಕೊಂಡು ಆ ನಂಬರಿನಲ್ಲಿ ಒಳಹೊಕ್ಕೆ: ಹದಿನೇಳು ವರ್ಷ, ಹಾಸ್ಟೆಲ್ ವಾಸ, ಮೂಡಿಗೆರೆ ತಾಲ್ಲೂಕು. ದಿನದ ಪ್ರಶ್ನೆಗೆ ಉತ್ತರವಾಗಿ ಗಣಿತ ಪರೀಕ್ಷೆಯ ಭಯ ಎಂದು ಬರೆದೆ. ದಿನಚರಿಯಲ್ಲಿ ಪಕ್ಕದ ಮನೆಯ ನಾಯಿ ಸತ್ತ ಬೇಸರ. ಮೂರನೆಯದು ಗುಟ್ಟಿನ ಪೆಟ್ಟಿಗೆ. ಅಲ್ಲಿ ಏನು ಸುಳ್ಳು ಬರೆಯಲಿ ಎಂದು ಯೋಚಿಸುತ್ತಿದ್ದಾಗ ನಮ್ಮಪ್ಪ ನೆನಪಾದರು.

ಅಪ್ಪ ಏಕಾಂತಪ್ಪ, ಆರು ಎಕರೆಯ ಕಾಫಿ ಬೆಳೆಗಾರರು. ನಮ್ಮ ಕಡೆ ಮಳೆಯನ್ನು ಈಗಲೂ ಇಂಚು, ಸೆಂಟ್‌ಗಳಲ್ಲೇ ಅಳೆಯುತ್ತಾರೆ; ನೂರು ಸೆಂಟ್ ಸೇರಿದರೆ ಒಂದು ಇಂಚು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಅದರ ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆದು, ಆಮೇಲೆ ಸುತ್ತಲಿನ ಹತ್ತು ತೋಟದವರಿಗೆ ಫೋನ್ ಮಾಡುವುದು ಅಪ್ಪನ ಕ್ರಮ: "ನಿಮ್ಮಲ್ಲಿ ಎಷ್ಟು ಬಿತ್ತು?" ಮಾರ್ಚ್-ಏಪ್ರಿಲ್‌ನಲ್ಲಿ, ಕಾಫಿ ಹೂ ಬಿಡಿಸುವ ಮಳೆಗೆ ಕಾಯುವಾಗ, ಈ ಕರೆಗಳಿಗೆ ಒಂದು ಬಗೆಯ ಜ್ವರವೇ ಏರುತ್ತದೆ. ಹೂವಿಗೆ ಸಾಲದಷ್ಟು, ಬರೀ ಇಪ್ಪತ್ತು ಸೆಂಟ್ ಸುರಿದು ನಿಂತ ಮನೆಗೆ ಸಾವಿನ ಮನೆಯಂತೆ ಸಮಾಧಾನ ಹೇಳುತ್ತಾರೆ.

ಹೀಗೆ ಬರೆದೆ: 'ಅಪ್ಪ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಹತ್ತು ಜನಕ್ಕೆ ಫೋನ್ ಮಾಡಿ ಎಷ್ಟು ಸೆಂಟ್ ಬಿತ್ತು ಅಂತ ಕೇಳ್ತಾರೆ. ನಂಗೆ ಒಂದು ದಿನಾನೂ ಫೋನ್ ಮಾಡಿ ಹೇಗಿದೀಯ ಅಂತ ಕೇಳಿಲ್ಲ.'

ಬೀಗ ಹಾಕಿದೆ. ತಾರೀಕು, ಸಮಯ, ಮೂರೂ ಕಡೆ ಬರೆದದ್ದನ್ನು ಅಕ್ಷರ ಬಿಡದಂತೆ ನೋಟ್‌ಬುಕ್ಕಿಗೆ ಇಳಿಸಿ, ಕಾಯತೊಡಗಿದೆ.

* * *

ಹದಿಮೂರನೇ ದಿನ, ಸೋಮವಾರದ ಸಭೆಯಲ್ಲಿ, ನನ್ನ ಬಣ್ಣ ಕೆಳಗೆ ಬಂತು.

ರುದ್ರೇಶ್ ಸರ್ ಗೋಡೆಯ ಪರದೆಯ ಮೇಲೆ ಒಂದು ಕಿರುಪುಸ್ತಕದ ಪುಟಗಳನ್ನು ತೋರಿಸುತ್ತಿದ್ದರು. ಹೆಸರು 'ಹರೆಯದ ದನಿ'. ಬರುವ ಶನಿವಾರ ಮೂಡಿಗೆರೆಯ ಕಾಲೇಜಿನಲ್ಲಿ ಬಿಡುಗಡೆ. ತಂದೆ ತಾಯಂದಿರಿಗೂ ಆಮಂತ್ರಣ. "ಒಂಬತ್ತನೇ ಪುಟ ನೋಡಿ. ಇಡೀ ಪುಸ್ತಕದ ಜೀವ ಇದು," ಎಂದರು.

ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಅಪ್ಪ, ಎಂಟು ಗಂಟೆ, ಸೆಂಟ್. ಕೆಳಗೆ: 'ಹದಿನೇಳು ವರ್ಷ, ಮೂಡಿಗೆರೆ ತಾಲ್ಲೂಕು.'

ಗಣಿತವಿರಲಿಲ್ಲ, ನಾಯಿ ಇರಲಿಲ್ಲ. ಯಾರೂ ತೆಗೆಯಲಾಗದು ಎಂದ ಪೆಟ್ಟಿಗೆಯಿಂದಲೇ ಆರಿಸಿದ್ದರು. ಅನುಮಾನ ನಿಜವಾಯಿತೆಂಬ ಸಮಾಧಾನ ಅರೆಗಳಿಗೆಯೂ ಉಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಪುಟ ತಿರುಗಿಸಿದ್ದರು.

'ಕಾಲೇಜು ಬೇಗ ಬಿಟ್ಟ ದಿನ ಮನೆಗೆ ಹೋಗಲ್ಲ. ಬಸ್ಸಲ್ಲಿ ಹಾಗೇ ಮುಂದೆ ಘಾಟಿ ಇಳಿದು ಚಾರ್ಮಾಡಿಗೆ ಹೋಗಿ ಎದುರು ಬಸ್ಸಲ್ಲಿ ವಾಪಸ್ ಬರ್ತೀನಿ. ಅಬ್ಬಾನ ಗ್ಯಾರೇಜ್ ಬಂದಾಗ ತಲೆ ಬಗ್ಗಿಸಿ ಚಪ್ಪಲಿ ಸರಿ ಮಾಡ್ಕೊಳ್ತೀನಿ. ಅಷ್ಟು ಹೊತ್ತು ಯಾರೂ ನನ್ನನ್ನ ಏನೂ ಕೇಳಲ್ಲ.' ಕೆಳಗೆ: 'ಹತ್ತೊಂಬತ್ತು ವರ್ಷ, ಬಣಕಲ್.'

ಎಲ್ಲರೂ ಹೊರಗೆ ಹೋಗುವವರೆಗೆ ಕಾದು, ಬಾಗಿಲು ಮುಂದೆ ಮಾಡಿ ಹೇಳಿದೆ: "ಸರ್, ಹತ್ತನೇ ಪುಟ ತೆಗೀಬೇಕು. ಅವಳು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ."

"ಹೆಸರು ಎಲ್ಲಿದೆ?"

"ಬಣಕಲ್‌ನಲ್ಲಿ ರಸ್ತೆ ಬದಿ ಗ್ಯಾರೇಜ್ ಇರೋದು ಎರಡು ಸರ್. ಒಂದರ ಯಜಮಾನರಿಗೆ ಮದುವೇನೇ ಆಗಿಲ್ಲ."

ಅವರು ನಕ್ಕರು. ಆಮೇಲೆ ನಾನು ನಗುತ್ತಿಲ್ಲ ಎಂದು ಕಂಡು ಪೆನ್ನು ತೆಗೆದುಕೊಂಡರು. "ಸರಿ, ಬಣಕಲ್ ತೆಗೆಯೋಣ."

"ಚಾರ್ಮಾಡಿ ಇದೆ."

"ಅದನ್ನೂ ತೆಗೆಯೋಣ."

"ಅಬ್ಬಾ ಅಂತಿದೆ. ಗ್ಯಾರೇಜ್ ಅಂತಿದೆ."

"ಎಲ್ಲಾ ತೆಗೆದ್ರೆ ಉಳಿಯೋದೇನು?"

"ಏನೂ ಉಳಿಯಲ್ಲ ಸರ್. ನಾನು ಹೇಳ್ತಿರೋದೂ ಅದನ್ನೇ."

ದೊಡ್ಡ ಊರಿನಲ್ಲಿ ಹೆಸರು ತೆಗೆದರೆ ಮನುಷ್ಯ ಮರೆಯಾಗುತ್ತಾನೆ. ನಮ್ಮಲ್ಲಿ ಹೆಸರಿನ ಅಗತ್ಯವೇ ಇಲ್ಲ. ಯಾವ ತಿರುವು, ಯಾವ ಬಸ್ಸು, ಯಾರ ಜೀಪು ಎಂದರೆ ಸಾಕು. ಅದನ್ನು ಅವರಿಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಇನ್ನೊಂದನ್ನು ಕೇಳಿದೆ: "ಪೆಟ್ಟಿಗೆಗೆ ಬೀಗ ಇತ್ತಲ್ಲ?"

"ಬೀಗ ಫೋನಿಗೆ. ಸರ್ವರ್‌ಗೆ ಅಲ್ಲ. ಒಪ್ಪಿಗೆ ಪತ್ರದ ಹನ್ನೊಂದನೇ ಕಲಂ ಓದು, ಹೆಸರಿಲ್ಲದೆ ಬಳಸಬಹುದು ಅಂತ ಅವರೇ ಒತ್ತಿದಾರೆ." ದನಿ ತಗ್ಗಿಸಿ ಹೇಳಿದರು: "ನೀನೇ ಹೇಳು. ಯಾರಾದ್ರೂ ಸಾಯೋ ಮಾತು ಬರೆದ್ರೆ ನಾವು ಓದೋದು ಬೇಡ್ವಾ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಓದುತ್ತೇವೆ ಎಂದು ಮೊದಲೇ ಹೇಳಬಹುದಿತ್ತು. ಮತ್ತು, ಕಾಪಾಡಲು ಓದುವುದು ಬೇರೆ, ಪುಸ್ತಕಕ್ಕೆಂದು ಆರಿಸುವುದು ಬೇರೆ.

"ಇದಕ್ಕಿಂತ ಗಟ್ಟಿಯಾದ ಇನ್ನೊಂದು ತಂದುಕೊಡು, ಇದನ್ನ ತೆಗೀತೀನಿ. ಬುಧವಾರ ಪ್ರೆಸ್ಸಿಗೆ ಹೋಗುತ್ತೆ," ಎಂದು ಎದ್ದರು.

* * *

ಮಂಗಳವಾರ ಮಧ್ಯಾಹ್ನ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಫರ್ಹತ್ ಸಿಕ್ಕಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವಳು ಕೋಪ ಮಾಡಿಕೊಳ್ಳುತ್ತಾಳೆಂದು ಕಾಯುತ್ತಿದ್ದೆ, ಮಾಡಿಕೊಳ್ಳಲಿಲ್ಲ.

"ಬರೆದ ಮಾರನೇ ದಿನಾನೇ ಅಳಿಸಿ ಹಾಕಿದ್ದೆ ಅಕ್ಕ. ಆ್ಯಪನ್ನೂ ತೆಗೆದುಬಿಟ್ಟೆ. ಆದ್ರೂ ಬಂತಾ?"

"ಬಂತು."

"ನೀವು ನೋಡಿದೀನಿ ಅಂದಿದ್ರಿ."

"ಸುಳ್ಳು ಹೇಳ್ದೆ."

"ಗೊತ್ತಿತ್ತು. ಹಾಗಂದಾಗ ನೀವು ನನ್ನ ನೋಡ್ಲಿಲ್ಲ, ಹಾಳೆ ನೋಡಿದ್ರಿ."

"ಗೊತ್ತಿದ್ದೂ ಯಾಕೆ ಬರೆದೆ?"

ಅವಳು ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡನ್ನು ನೋಡುತ್ತಿದ್ದಳು. "ಎಲ್ಲಾದ್ರೂ ಒಂದ್ಸಲ ಬರೀಬೇಕು ಅನ್ನಿಸಿತ್ತು. ನೋಟ್‌ಬುಕ್ಕಲ್ಲಿ ಬರೆದ್ರೆ ಅಮ್ಮಿ ಓದ್ತಾರೆ. ಗೆಳತಿಗೆ ಹೇಳಿದ್ರೆ ಅವಳ ಮನೇಲಿ ಎಲ್ಲರೂ ಕೇಳ್ತಾರೆ."

"ಮುಸ್ತಫಾ ಭಾಯ್‌ಗೆ ಗೊತ್ತಾದ್ರೆ ಬಯ್ತಾರಾ?"

"ಅಬ್ಬಾ ಬಯ್ಯಲ್ಲ. ಬಯ್ದಿದ್ರೆ ಪರವಾಗಿಲ್ಲ ಅಂತಿದ್ದೆ. ಪಾಪ, ಬೇಜಾರು ಮಾಡ್ಕೊಳ್ತಾರೆ. ನನ್ ಮಗಳಿಗೆ ಏನೋ ಆಗಿದೆ ಅಂತ ದಿನಾ ಗ್ಯಾರೇಜ್ ಮುಚ್ಚಿ ಬೈಕಲ್ಲಿ ಕಾಲೇಜಿಗೆ ಬಿಟ್ಟು, ಕರ್ಕೊಂಡು ಹೋಗ್ತಾರೆ. ದಾರಿ ಪೂರ್ತಿ ಏನಾಯ್ತಮ್ಮ, ಏನಾಯ್ತಮ್ಮ ಅಂತ ಕೇಳ್ತಾರೆ." ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. "ವಾರಕ್ಕೆ ಎರಡು ದಿನ, ಎರಡೂವರೆ ಗಂಟೆ ಅಕ್ಕ. ಆ ಬಸ್ಸಲ್ಲಿ ಕಂಡಕ್ಟರ್ ಕೂಡ ಏನೂ ಕೇಳಲ್ಲ, ಆಧಾರ್ ನೋಡಿ ಚೀಟಿ ಕೊಟ್ಟು ಹೋಗ್ತಾನೆ. ನಂಗೆ ಏನೂ ಆಗಿಲ್ಲ. ಅ‌ಷ್ಟು ಹೊತ್ತು ಬೇಕು, ಅಷ್ಟೇ."

ಬಸ್ಸು ಹೊರಟಿತು. ಅವಳು ಹತ್ತಲಿಲ್ಲ.

ನಾನು ನಲವತ್ತೇಳನೇ ನಂಬರಿನಲ್ಲಿ ಕೇಳದ ಅಪ್ಪನ ಬಗ್ಗೆ ಬರೆದಿದ್ದೆ. ಇವಳು, ಏನೂ ಕೇಳದ ಬಸ್ಸಿನ ಬಗ್ಗೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಇಟ್ಟಿದ್ದರು, ಒಂದೇ ಕಾಯಿಲೆಯ ಎರಡು ಲಕ್ಷಣಗಳ ಹಾಗೆ.

ಬುಧವಾರ ಬೆಳಿಗ್ಗೆ ಕಚೇರಿಗೆ ಹೋಗಿ ನಿಂತುಕೊಂಡೇ ಹೇಳಿದೆ: "ಸರ್, ನಲವತ್ತೇಳನೇ ನಂಬರ್ ನಾನೇ. ಆ ಮಳೆ ವಾಕ್ಯ ನಾನು ಬರೆದಿದ್ದು. ಸುಳ್ಳು. ಯಾರು ಓದ್ತಾರೆ ಅಂತ ನೋಡೋಕೆ ಬರೆದಿದ್ದು."

ಅವರು ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, "ನನ್ನ ಮೇಲೆ ಪತ್ತೇದಾರಿ ಮಾಡಿದ್ಯಾ?" ಎಂದರು.

"ಆ್ಯಪ್ ಮೇಲೆ. ಹತ್ತನೇ ಪುಟ ತೆಗೀದಿದ್ರೆ ಶನಿವಾರ ಎಲ್ಲರ ಮುಂದೆ ಎದ್ದು ನಿಂತು ಕೇಳ್ತೀನಿ, ಬೀಗ ಹಾಕಿದ್ದ ಪೆಟ್ಟಿಗೆಯಿಂದ ನನ್ನ ಮಾತು ಹೊರಗೆ ಹೇಗೆ ಬಂತು ಅಂತ."

"ಇದು ಬೆದರಿಕೆ."

"ಪ್ರಶ್ನೆ ಸರ್."

ಅವರು ಕೆಟ್ಟವರಲ್ಲ. ಎರಡು ವರ್ಷ ದುಡಿದ ಕೆಲಸ ಕಣ್ಣ ಮುಂದೆ ಜಾರುತ್ತಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು, ತಿರುಗಿ ಹೇಳಿದರು: "ಹತ್ತನೇ ಪುಟ ತೆಗೀತೀನಿ. ಒಂಬತ್ತು ಇರಲಿ. ಆದ್ರೆ ಅದಕ್ಕೆ ನಿನ್ನ ಹೆಸರು ಹಾಕ್ಬೇಕು. ಪೂರ್ತಿ ಹೆಸರು, ಊರು, ಸಹಿ ಮಾಡಿದ ಒಪ್ಪಿಗೆ. ಹೆಸರಿದ್ರೆ ಪೆಟ್ಟಿಗೆ ವಿಷಯ ಬರಲ್ಲ."

ಅವರ ಲೆಕ್ಕ ನನಗೆ ತಿಳಿಯಿತು. ನಾನೇ ಕೊಟ್ಟದ್ದೆಂದು ಸಹಿ ಮಾಡಿದ ಮೇಲೆ ಕದ್ದದ್ದೆಂದು ನಾನು ಹೇಳುವಂತಿಲ್ಲ. ಸುಳ್ಳೆಂದು ಗೊತ್ತಿದ್ದ ಒಂದು ವಾಕ್ಯಕ್ಕೆ, ನನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಿ, ಸಹಿ ಹಾಕಿದೆ.

"ಸರ್ವರ್‌ನಿಂದಲೂ ಅವಳದ್ದನ್ನ ಅಳಿಸ್ಬೇಕು ಸರ್."

"ಅಳಿಸ್ತೀನಿ." ಮಧ್ಯಾಹ್ನ ಬಂದು ಹೇಳಿದರು: "ಅಳಿಸಿದೆ."

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡೆ: ಅಳಿಸಿದ್ದಾರೆಂದು ಹೇಳಿದರು. ನಾನು ನೋಡಲಿಲ್ಲ.

ಆ ಸಂಜೆಯಿಂದ ಶುಕ್ರವಾರದವರೆಗೆ ಉಳಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಪೆಟ್ಟಿಗೆಯನ್ನು ಓದುತ್ತಾರೆ, ಗೊತ್ತಿರಲಿ ಎಂದೆ. ನಾನು ಸಹಿ ಹಾಕಿದ ಕಾಗದದಲ್ಲಿ ಇದನ್ನು ಹೇಳಬಾರದೆಂದು ಎಲ್ಲೂ ಇರಲಿಲ್ಲ. "ನಂಗೆ ಮೊದಲೇ ಡೌಟಿತ್ತು ಅಕ್ಕ, ನಾನು ಅದರಲ್ಲಿ ಕ್ರಿಕೆಟ್ ಸ್ಕೋರ್ ಬರೀತಿದ್ದೆ," ಎಂದ ಬಾಲರಾಜ್. ಸೌಂದರ್ಯ ಫೋನ್ ಇಟ್ಟುಬಿಟ್ಟಳು. ಮುಂದಿನ ವಾರದೊಳಗೆ ನಲವತ್ತು ಮಂದಿ ಆ್ಯಪ್ ತೆಗೆದುಹಾಕಿದ್ದರು.

* * *

ಶನಿವಾರ ಸಭಾಂಗಣ ಮುಕ್ಕಾಲು ತುಂಬಿತ್ತು. ಭಾಷಣಗಳ ನಡುವೆ ಪುಸ್ತಕ ಹಂಚಿದರು. ಹತ್ತನೇ ಪುಟದಲ್ಲಿ ಉಸಿರಾಟದ ವ್ಯಾಯಾಮವಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಗುಲಾಮ್ ಮುಸ್ತಫಾ ಬಾಗಿಲ ಹತ್ತಿರ ನಿಂತಿದ್ದರು. ಬಿಳಿ ಅಂಗಿ ಹಾಕಿ ಬಂದಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಪುಸ್ತಕವನ್ನು ಹಾಳೆ ಕೊಳೆಯಾಗದಂತೆ ಅಂಚಿನಲ್ಲಿ ಹಿಡಿದು ಒಂದೊಂದೇ ಪುಟ ತಿರುವುತ್ತಿದ್ದರು. ಫರ್ಹತ್ ಹತ್ತು ಹೆಜ್ಜೆ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ.

"ಏಕಾಂತಪ್ಪನೋರ ಮಗಳು ಅಲ್ವಾ ನೀವು? ಕೂತ್ಕೊಂಡು ಕನ್ನಡ ಓದೋದು ನಂಗೆ ಸ್ವಲ್ಪ ನಿಧಾನ," ಎಂದರು. "ಇದರಲ್ಲಿ ನನ್ನ ಮಗಳದ್ದು ಏನಾದ್ರೂ ಇದೆಯಾ?"

"ಇಲ್ಲ ಮುಸ್ತಫಾ ಭಾಯ್."

"ನೀವು ನೋಡಿದೀರಾ?"

ಅಪ್ಪ, ಮಗಳು ಇಬ್ಬರದೂ ಒಂದೇ ಪ್ರಶ್ನೆ. ಈ ಸಲ ನಾನು ಅವರ ಮುಖವನ್ನೇ ನೋಡಿದೆ. "ನೋಡಿದೀನಿ. ಮೊದಲ ಪುಟದಿಂದ ಕೊನೇ ಪುಟದವರೆಗೆ ನಾನೇ ನೋಡಿದೀನಿ. ಇಲ್ಲ."

"ಒಳ್ಳೇದಾಯ್ತು," ಎಂದರು. ಮಗಳ ಮಾತು ಪುಸ್ತಕದಲ್ಲಿ ಬಂದಿಲ್ಲವೆಂಬ ನಿರಾಸೆಯೇನೂ ಆ ದನಿಯಲ್ಲಿರಲಿಲ್ಲ. ಪುಸ್ತಕವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಎಲ್ಲಾನೂ ಎಲ್ಲರೂ ಓದೋದು ಯಾಕೆ?"

ಒಂಬತ್ತನೇ ಪುಟ ನಮ್ಮ ಮನೆಗೆ ಆ ಸಂಜೆಯೇ ತಲುಪಿತ್ತು. ಬೆಳೆಗಾರರ ವಾಟ್ಸಾಪ್ ಗುಂಪಿಗೆ ಯಾರೋ ಅದರ ಫೋಟೋ ಹಾಕಿದ್ದರು. ಭಾನುವಾರ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಚಿಕ್ಕಮಗಳೂರಿನ ನನ್ನ ಕೋಣೆಯಲ್ಲಿ ಫೋನು ಹೊಡೆಯಿತು.

"ಎದ್ದಿದೀಯೇನೇ?" ಅಪ್ಪ.

"ಎದ್ದಿದೀನಿ ಅಪ್ಪ."

"ಇಲ್ಲಿ ಒಂದು ಇಂಚು ಎಂಟು ಸೆಂಟ್. ಅಲ್ಲೆಷ್ಟು ಬಿತ್ತು?"

"ಇಲ್ಲಿ ನಾನು ಅಳೆಯಲ್ಲಪ್ಪ."

"ಅಳೀದಿದ್ರೆ ಗೊತ್ತಾಗೋದು ಹೇಗೆ?" ಹಿಂದಿನಿಂದ ಅಮ್ಮ ಸರೋಜಮ್ಮ ಏನೋ ಹೇಳಿಕೊಡುತ್ತಿದ್ದದ್ದು ಕೇಳಿಸಿತು. ಅಪ್ಪ ಗಂಟಲು ಸರಿಮಾಡಿಕೊಂಡರು. "ಆ ಪುಸ್ತಕದ್ದು... ನಿಜಾನಾ ಅದು?"

"ಸುಳ್ಳಪ್ಪ. ಬರೆದಿದ್ದನ್ನ ಯಾರು ಓದ್ತಾರೆ ಅಂತ ಪರೀಕ್ಷೆ ಮಾಡೋಕೆ ಬರೆದಿದ್ದು."

"ಓ. ಪರೀಕ್ಷೆಗೆ." ಆ ಕಡೆ ಗಾಜಿನ ಜಾಡಿ ಕೆಳಗಿಟ್ಟ ಸದ್ದಾಯಿತು. "ಸರಿ ಹಾಗಾದ್ರೆ. ಊಟ ಮಾಡು."

ಬೆಳಿಗ್ಗೆ ಎಂಟು ಗಂಟೆಗೆ ಊಟ ಮಾಡು ಎಂದು ಫೋನ್ ಇಟ್ಟರು. ನಾನು ಅಭ್ಯಾಸಬಲದಿಂದ ಫೋನಿನಲ್ಲಿ ಹಿಂದಿನ ಕರೆಗಳನ್ನು ತೆಗೆದು ಎಣಿಸಿದೆ. ಇವತ್ತಿನದನ್ನು ಬಿಟ್ಟರೆ ಆರು ತಿಂಗಳಲ್ಲಿ ಅಪ್ಪನಿಂದ ಬಂದವು ನಾಲ್ಕು. ನಾಲ್ಕೂ ಸಲ ಕೇಳಿದ್ದು ಓಟಿಪಿ. ಸುಳ್ಳೆಂದು ಬರೆದ ವಾಕ್ಯವನ್ನು ಸುಳ್ಳೆಂದು ಸಾಧಿಸುವ ಒಂದೇ ಒಂದು ಅಂಶವೂ ನನ್ನ ಬಳಿ ಇರಲಿಲ್ಲ.

* * *

ಮಳೆ ಬಿದ್ದ ಒಂಬತ್ತನೇ ದಿನ ಊರಿಗೆ ಹೋದೆ. ಬಣಕಲ್‌ನಲ್ಲಿ ಇಳಿದು, ಅಪ್ಪ ಜೀಪು ತರುವವರೆಗೆ ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದೆ. ತೋಟಗಳಲ್ಲಿ ಹೂ ಬಿರಿದಿತ್ತು. ರಸ್ತೆಯ ಡೀಸೆಲ್ ಹೊಗೆಯನ್ನೂ ಮೀರಿ ವಾಸನೆ ಬರುತ್ತಿತ್ತು. ಎದುರಿಗೆ ಮುಸ್ತಫಾ ಅವರ ಗ್ಯಾರೇಜು. ಅವರು ರಸ್ತೆಗೆ ಮುಖ ಮಾಡಿ, ಸ್ಟೂಲಿನ ಮೇಲೆ ಕುಳಿತು ಬೈಕೊಂದರ ಚೈನು ಬಿಚ್ಚುತ್ತಿದ್ದರು.

ಮೂಡಿಗೆರೆ ಕಡೆಯ ತಿರುವಿನಲ್ಲಿ ಸರ್ಕಾರಿ ಬಸ್ಸಿನ ಹಾರನ್ ಕೇಳಿಸಿತು. ಮುಸ್ತಫಾ ಗೋಡೆಯ ಗಡಿಯಾರ ನೋಡಿದರು. ಎದ್ದು ಸ್ಟೂಲನ್ನು ಎತ್ತಿ ಬೈಕಿನ ಹೊರಬದಿಗೆ ಇಟ್ಟುಕೊಂಡು, ರಸ್ತೆಗೆ ಬೆನ್ನು ಮಾಡಿ ಕುಳಿತರು. ಚೈನು ಇದ್ದದ್ದು ಒಳಬದಿಯಲ್ಲಿ.

ಬಸ್ಸು ನಿಂತಿತು. ಇಬ್ಬರು ಇಳಿದರು. ಮೂರನೇ ಕಿಟಕಿಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದ ಒಂದು ತಲೆ ಕಂಡಿತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಕೊಟ್ಟಿಗೆಹಾರದ ದಿಕ್ಕಿಗೆ, ಘಾಟಿಯ ಕಡೆಗೆ ಹೋಯಿತು.

ಅದರ ಸದ್ದು ಪೂರ್ತಿ ಅಡಗಿದ ಮೇಲೆ ಮುಸ್ತಫಾ ಸ್ಟೂಲನ್ನು ಮತ್ತೆ ಒಳಬದಿಗೆ ತಂದರು.

ಅದು ಎಷ್ಟು ದಿನದ ಅಭ್ಯಾಸವೋ, ಅಥವಾ ಆ ಹೊತ್ತಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯಿತೋ, ಒಂದು ಸಲ ನೋಡಿ ಹೇಳಲಾಗದು. ನೋಟ್‌ಬುಕ್ ಚೀಲದಲ್ಲಿತ್ತು. ಅದರಲ್ಲಿ ಇದನ್ನು ಬರೆಯಲಿಲ್ಲ.